ತೋಪಿಗಿಂತ ಸುತ್ತೋಲೆ ದೊಡ್ಡದು

ಹೈದರಾಬಾದಿನ ಗನ್ ಫೌಂಡ್ರಿಯಲ್ಲಿ ಇವತ್ತು ಸಿಗದ ವಸ್ತು ಒಂದೇ, ಗನ್ನು. ಬ್ಯಾಂಕಿದೆ, ಬಟ್ಟೆ ಅಂಗಡಿಯಿದೆ, ಆಬಿಡ್ಸ್‌ಗೆಂದು ಹೊರಟು ಇನ್ನೂ ತಲುಪದ ಕಾರುಗಳ ಸಾಲಿದೆ. ಹಳಬರ ಬಾಯಲ್ಲಿ ಇದು ತೋಪ್ ಕಾ ಸಾಂಚಾ. 1795ರ ಸುಮಾರಿಗೆ ನಿಜಾಮ್ ಅಲಿ ಖಾನನ ಫ್ರೆಂಚ್ ಸೇನಾನಿ ರೇಮಂಡ್ ಇಲ್ಲಿ ತೋಪು, ಗುಂಡು ಎರಕ ಹೊಯ್ಯುವ ಕಾರ್ಖಾನೆ ಕಟ್ಟಿಸಿದ. ಫತೇ ಮೈದಾನದ ಹತ್ತಿರ, ಕಟ್ಟಡಗಳ ಸಂದಿಯಲ್ಲಿ ಅದರ ದಪ್ಪ ಗೋಡೆಗಳು ನಿಂತಿವೆ. ಪುರಾತತ್ವ ಇಲಾಖೆ ಅದನ್ನು ಸಂರಕ್ಷಿತ ಸ್ಮಾರಕ ಎಂದು ಘೋಷಿಸಿ ಕೈತೊಳೆದುಕೊಂಡಿತು. ಮುಂದಿನ ಜವಾಬ್ದಾರಿಯನ್ನು ಬಹುಕಾಲ ಗಿಡಗಂಟಿಗಳೇ ಹೊತ್ತವು.

ರೇಮಂಡನ ಪಡೆ ಹತ್ತು ಸಾವಿರ ದಾಟಿತ್ತು. ಇತ್ತ ಈ ಪಡೆ, ಅತ್ತ ಶ್ರೀರಂಗಪಟ್ಟಣದಲ್ಲಿ ಟಿಪ್ಪು, ದೂರದಲ್ಲಿ ನೆಪೋಲಿಯನ್. ಮೂರನ್ನೂ ಕೂಡಿಸಿ ನೋಡಿದ ಕಲ್ಕತ್ತೆಯ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ನಿದ್ದೆ ಹತ್ತಲಿಲ್ಲ. ತೋಪಿಗೆ ತೋಪು ಎದುರು ನಿಲ್ಲಬೇಕಿತ್ತು. ಆದದ್ದೇ ಬೇರೆ. 1798ರ ಮಾರ್ಚಿನಲ್ಲಿ ರೇಮಂಡ್ ತೀರಿಕೊಂಡ. ಸೆಪ್ಟೆಂಬರಿನಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಯ ಒಪ್ಪಂದಕ್ಕೆ ಮೊಹರು ಒತ್ತಿದ. ಅಕ್ಟೋಬರಿನಲ್ಲಿ ಸಿಪಾಯಿಗಳು ಬಾಕಿ ಸಂಬಳ ಕೇಳುತ್ತ ತಮ್ಮ ಫ್ರೆಂಚ್ ಅಧಿಕಾರಿಗಳನ್ನೇ ಹಿಡಿದು ಕೂಡಿಹಾಕಿದರು. ಕಂಪನಿಯ ಪಡೆ ಬಂದು ಸುತ್ತುವರಿದಾಗ ಆಯುಧ ಕೆಳಗಿಟ್ಟು ಮನೆಯ ದಾರಿ ಹಿಡಿದರು. ಕುಲುಮೆಗೆ ಸುರಿದ ದುಡ್ಡಿನಲ್ಲಿ ಒಂದಿಷ್ಟನ್ನು ಪಗಾರದ ಪಟ್ಟಿಗೆ ತಿರುಗಿಸಿದ್ದರೆ ದಕ್ಖನಿನ ಚರಿತ್ರೆಯ ಪಾಠ ಒಂದೆರಡು ಪುಟ ಉದ್ದವಾಗುತ್ತಿತ್ತೇನೋ. ಪಡೆ ಚದುರಿಸುವ ಈ ಕೆಲಸ ಮುಗಿಸಿಕೊಟ್ಟ ಕಂಪನಿಯ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ ಆಮೇಲೆ ಕೋಠಿಯಲ್ಲಿ ಅರಮನೆಯಂಥ ಬಂಗಲೆ ಎಬ್ಬಿಸಿದ. ರೇಮಂಡನಿಗೆ ಮಲಕ್‌ಪೇಟೆಯ ಗುಡ್ಡದ ಮೇಲೆ ಸಮಾಧಿ, ಅದರ ಹತ್ತಿರ ಅವನ ಹೆಸರಿನ ಮೂಸಾರಾಮ್‌ಬಾಗ್, ಈಗ ಅದಕ್ಕೊಂದು ಮೆಟ್ರೋ ನಿಲ್ದಾಣ.

ರೇಮಂಡನ ಸಾವಿಗೂ ನೂರಾಹನ್ನೊಂದು ವರ್ಷ ಹಿಂದೆ, ಇದೇ ಊರಿನ ಪಡುವಣಕ್ಕೆ ಇನ್ನೊಂದು ಪ್ರಾತ್ಯಕ್ಷಿಕೆ ನಡೆದಿತ್ತು. 1687ರಲ್ಲಿ ಔರಂಗಜೇಬ ಗೋಲ್ಕೊಂಡಕ್ಕೆ ಎಂಟು ತಿಂಗಳು ಮುತ್ತಿಗೆ ಹಾಕಿ ಕೂತ. 1672ರಲ್ಲಿ ಮುಹಮ್ಮದ್ ಅಲಿ ಅರಬ್ ಎರಕ ಹೊಯ್ದ ಅವನ ತೋಪಿನ ಹೆಸರು ಫತೇ ರಹಬರ್, ವಿಜಯಕ್ಕೆ ದಾರಿ ತೋರುವವನು. ಅದು ದಾರಿ ತೋರಿಸಲಿಲ್ಲ. ಕೋಟೆಯ ಬುಡಕ್ಕೆ ಸುರಂಗ ತೋಡಿ ಮದ್ದು ತುಂಬಿದರು. ಅದು ಮೊಘಲ್ ಸೈನಿಕರ ಮೇಲೆಯೇ ಸಿಡಿಯಿತು. ಕೊನೆಗೆ ಅಬ್ದುಲ್ಲಾ ಖಾನ್ ಪನ್ನಿ ಎಂಬ ಒಳಗಿನ ಮನುಷ್ಯನ ಕೈ ಬೆಚ್ಚಗಾಯಿತು. ರಾತ್ರಿ ಬಾಗಿಲು ತೆರೆಯಿತು. ತೋಪನ್ನು ಮಾತ್ರ ಪೆಟ್ಲಾ ಬುರುಜಿನ ಮೇಲೇರಿಸಿ ಪ್ರವಾಸಿಗರ ಫೋಟೋಗೆ ಇಟ್ಟಿದ್ದಾರೆ. ಲಂಚಕ್ಕೆ ಯಾರೂ ಬುರುಜು ಕಟ್ಟಿಸಲಿಲ್ಲ. ನನಗೆ ಇದು ಅನ್ಯಾಯ ಅನಿಸುತ್ತದೆ.

ಸಮುದ್ರ ಕಾಣದ ಊರಿನ ತೋಪುಗಳ ಹಣೆಬರಹ ಇಷ್ಟೇ ಎನ್ನುವವರಿಗೆ ಹಡಗಿನ ತೋಪುಗಳ ಕತೆ ಹೇಳುತ್ತೇನೆ. 1844ರ ಫೆಬ್ರವರಿ 28ರಂದು ಅಮೆರಿಕದ ಪೊಟೊಮ್ಯಾಕ್ ನದಿಯಲ್ಲಿ ಪ್ರಿನ್ಸ್‌ಟನ್ ಎಂಬ ಯುದ್ಧನೌಕೆಯ ಮೇಲೆ ಗಣ್ಯರ ವಿಹಾರ. ನೌಕೆಯ ಹೆಮ್ಮೆ ಹನ್ನೆರಡು ಅಂಗುಲ ಬಾಯಿಯ ತೋಪು, ಹೆಸರು ಪೀಸ್‌ಮೇಕರ್. ಹಾರಿಸಿ ಚಪ್ಪಾಳೆ ಗಿಟ್ಟಿಸಿದರು. ನೌಕಾ ಕಾರ್ಯದರ್ಶಿ ಗಿಲ್ಮರ್ ಇನ್ನೊಂದು ಸಲ ಎಂದ. ಆ ಸಲ ತೋಪೇ ಸಿಡಿದು ಗಿಲ್ಮರ್, ವಿದೇಶಾಂಗ ಕಾರ್ಯದರ್ಶಿ ಅಪ್‌ಶರ್ ಸೇರಿ ಆರು ಜನ ಸತ್ತರು. ಅಧ್ಯಕ್ಷ ಟೈಲರ್ ಕೆಳ ಅಂತಸ್ತಿನಲ್ಲಿದ್ದುದರಿಂದ ಬದುಕಿಕೊಂಡ. ತನಿಖೆ ನಡೆಯಿತು. ನೌಕೆಯ ಕಪ್ತಾನ ನಿರ್ದೋಷಿ ಎಂದಾಯಿತು. ತನಿಖಾ ಆಯೋಗಗಳನ್ನು ನಾವು ಇಂಗ್ಲಿಷರಿಂದ ಕಲಿತೆವೋ ಅಮೆರಿಕನ್ನರಿಂದಲೋ ಎಂಬ ನನ್ನ ಅನುಮಾನ ಅಂದಿನಿಂದಿನದು.

ಗಣ್ಯರು ಸತ್ತ ಮೇಲೆ ಇಲಾಖೆ ಸುಮ್ಮನಿರುತ್ತದೆಯೇ? ತೋಪಿಗೆ ಇಷ್ಟೇ ಮದ್ದು ಎಂದು ಕಟ್ಟುನಿಟ್ಟು ಬಂತು. ಅದರ ಫಲ ಅಮೆರಿಕದ ಅಂತರ್ಯುದ್ಧದ ನಡುವೆ, 1862ರ ಮಾರ್ಚ್ 9ರಂದು, ಹ್ಯಾಂಪ್ಟನ್ ರೋಡ್ಸ್ ಎಂಬ ಬಂದರು ನೀರಿನಲ್ಲಿ ಕಂಡಿತು. ಕಬ್ಬಿಣದ ಕವಚ ತೊಟ್ಟ ಎರಡು ಹಡಗುಗಳು, ಉತ್ತರದವರ ಮಾನಿಟರ್, ದಕ್ಷಿಣದವರ ವರ್ಜೀನಿಯಾ, ಮೊದಲ ಸಲ ಎದುರಾದವು. ಮಾನಿಟರಿನ ತಿರುಗುವ ಗೋಪುರದಲ್ಲಿ ಡಾಲ್ಗ್ರೆನ್ ಎಂಬಾತನ ವಿನ್ಯಾಸದ ಎರಡು ತೋಪು: ಬಾಯಿ ಹನ್ನೊಂದು ಅಂಗುಲ, ನಳಿಕೆಯ ಒಳಗೆ ತಿರುಪು ಗೆರೆಯಿಲ್ಲದ ಶುದ್ಧ ನುಣುಪು, ಗುಂಡಿನ ತೂಕ ಸುಮಾರು 75 ಕಿಲೋ. ಅಪ್ಪಣೆಯಿದ್ದ ಮದ್ದು ಕೇವಲ 15 ಪೌಂಡು. ಹತ್ತಿರದಿಂದಲೇ ಸುಮಾರು ನಾಲ್ಕು ಗಂಟೆ ಹೊಡೆದಾಡಿದರು. ವರ್ಜೀನಿಯಾದ ಕವಚ ಅಲ್ಲಲ್ಲಿ ಬಿರಿಯಿತು, ತೂತಾಗಲಿಲ್ಲ. ಮಾನಿಟರಿನ ಗೋಪುರದ ಮೈಮೇಲೆ ತಗ್ಗು ಬಿದ್ದವು, ಅಷ್ಟೇ. ಎರಡೂ ಕಡೆಯವರು ಗೆದ್ದೆವೆಂದು ಹೇಳಿಕೊಂಡು ಹಿಂದಿರುಗಿದರು.

ಆಮೇಲೆ ಪರೀಕ್ಷಿಸಿ ನೋಡಿದರೆ ಅದೇ ತೋಪು 30 ಪೌಂಡು ಮದ್ದನ್ನೂ ನಿರಾಯಾಸವಾಗಿ ತಡೆದುಕೊಂಡಿತು! ಅಷ್ಟರಲ್ಲಿ ಎದುರಾಳಿ ಉಳಿದಿರಲಿಲ್ಲ. ಮೇ ತಿಂಗಳಲ್ಲಿ ವರ್ಜೀನಿಯಾವನ್ನು ಅದರ ನಾವಿಕರೇ ಸುಟ್ಟು ಸ್ಫೋಟಿಸಿದರು. ಡಿಸೆಂಬರ್ 31ರ ಬಿರುಗಾಳಿಯಲ್ಲಿ ಮಾನಿಟರ್ ತೋಪುಗಳ ಸಮೇತ ಮುಳುಗಿತು. ಒಂದರ ತೋಪು ಇನ್ನೊಂದನ್ನು ಕೊಲ್ಲಲಿಲ್ಲ.

ಇಷ್ಟಾದ ಮೇಲೆ ಬುದ್ಧಿವಂತರು ಏನು ಮಾಡುತ್ತಾರೆ? ಇನ್ನೂ ದೊಡ್ಡ ತೋಪಿಗೆ ಮಂಜೂರಾತಿ ಕೊಡುತ್ತಾರೆ. ಇಪ್ಪತ್ತು ಅಂಗುಲ ಬಾಯಿಯ, ಸುಮಾರು 45 ಟನ್ನಿನ ನುಣುಪು ನಳಿಕೆಗಳನ್ನು ಪಿಟ್ಸ್‌ಬರ್ಗಿನಲ್ಲಿ ಎರಕ ಹೊಯ್ದರು. ಸೈತಾನ, ಲೂಸಿಫರ್ ಎಂದು ನಾಮಕರಣವೂ ಆಯಿತು. ಅವನ್ನು ಹೊರಬೇಕಿದ್ದ ಪ್ಯುರಿಟನ್ ಎಂಬ ಹಡಗು ಕೊನೆಗೂ ಪೂರ್ತಿಯಾಗಲಿಲ್ಲ. ಧರ್ಮನಿಷ್ಠನ ಹೆಸರಿನ ಹಡಗಿಗೆ ಸೈತಾನನ ತೋಪು ಹೊರಿಸಹೊರಟ ಗುಮಾಸ್ತನಿಗೆ ನನ್ನದೊಂದು ನಮಸ್ಕಾರ.

ನಮ್ಮ ಬಿಜಾಪುರದವರು ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕವಾಗಿ ಇಲ್ಲಿಗೆ ಬಂದ ಮಲಿಕ್-ಎ-ಮೈದಾನ್, ಅಂದರೆ ರಣರಂಗದ ಒಡೆಯ, 55 ಟನ್ ತೂಗುತ್ತದೆ. ಅದರ ಮೂತಿಯಲ್ಲಿ ಸಿಂಹ ಬಾಯ್ತೆರೆದು ಆನೆಯನ್ನು ಅಗಿಯುತ್ತಿದೆ. 1854ರಲ್ಲಿ ಸಾತಾರಾದ ಸಾಹೇಬರ ಹುಕುಂ ಬಂತು: ಕೆಲಸಕ್ಕೆ ಬಾರದ ಹಳೆ ಸಾಮಾನೆಲ್ಲ ಹರಾಜು ಹಾಕಿ. ರಣರಂಗದ ಒಡೆಯನಿಗೆ ಬಂದ ಅತಿ ಹೆಚ್ಚಿನ ಬೋಲಿ 150 ರೂಪಾಯಿ. ಇಷ್ಟು ಕಡಿಮೆಗೆ ಕೊಡುವುದು ಹೇಗೆಂದು ಸ್ಥಳೀಯ ಅಧಿಕಾರಿ ಮೇಲಕ್ಕೆ ಬರೆದ, ಹರಾಜು ರದ್ದಾಯಿತು. ಬಿಜಾಪುರದ ಗುಜರಿಯವನು ಆ ದಿನ ಇನ್ನಷ್ಟು ರೂಪಾಯಿ ಏರಿಸಿದ್ದರೆ ಅದು ಕೂತ ಶೇರ್ಜಾ ಬುರುಜಿನ ಮೇಲೆ ಇವತ್ತು ಏನೂ ಇರುತ್ತಿರಲಿಲ್ಲ.