ಲಾರಿ ನಂಬರ್ ಕಾಣುತ್ತೆ, ಚೀಟಿ ಕಾಣಲ್ಲ: ಕಣ್ಣಿನ ಮಸೂರದ ಜೊತೆ ಮಾತುಕತೆ

ಸೂಳಗಿರಿಯ ಸೊಪ್ಪಿನ ಮಾರುಕಟ್ಟೆ. ಕೊತ್ತಂಬರಿ ಕಟ್ಟುಗಳ ನಡುವೆ ನಿಂತಿದ್ದ ನಲವತ್ತೆಂಟರ ವ್ಯಾಪಾರಿಯೊಬ್ಬರು ಲೆಕ್ಕದ ಚೀಟಿಯನ್ನು ಕೈ ಚಾಚಿದಷ್ಟು ದೂರ ಹಿಡಿದು, ಅದು 3 ಇರಬಹುದೋ 8 ಇರಬಹುದೋ ಎಂದು ಗೊಣಗುತ್ತಿದ್ದರು. ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆ ಹೊರಟ ಲಾರಿಯ ನಂಬರನ್ನು ಮಾತ್ರ ನಿಂತಲ್ಲೇ ಓದಿ ಹೇಳಿದರು. ಬೈಗುಳ ಬಿದ್ದದ್ದು ಚೀಟಿ ಬರೆದ ಹುಡುಗನಿಗೆ. ಪತ್ರಿಕೆಯ ಪ್ರತಿನಿಧಿ ಹುಡುಗನನ್ನು ಬಿಟ್ಟು, ವ್ಯಾಪಾರಿಯ ಬಲಗಣ್ಣಿನ ಮಸೂರವನ್ನೇ ಮಾತಿಗೆಳೆದರು.

"ನಿಮ್ಮ ಮೇಲೆ ಕೆಲಸಗಳ್ಳತನದ ದೂರಿದೆಯಲ್ಲ?"

"ನೋಡಿ ಸ್ವಾಮಿ, ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ಮೂರನೇ ಎರಡು ಪಾಲು ಮುಂದೆ ಕೂತಿರೋ ಕಾರ್ನಿಯಾದ್ದು. ಅದು ಕೂತಲ್ಲೇ ಕೂತಿರುತ್ತೆ. ಚೀಟಿಗೂ ಬೆಟ್ಟಕ್ಕೂ ಹೊಂದಿಸೋ ಓಡಾಟವೆಲ್ಲ ನನ್ನದು. ಅದೂ ಒಂದು ರಕ್ತನಾಳವೂ ಇಲ್ಲದೆ."

"ಹೊಂದಿಸೋದು ಹೇಗೆ?"

"ನನ್ನ ಸುತ್ತ ಉಂಗುರದಾಕಾರದ ಸ್ನಾಯು ಇದೆ, ನಡುವೆ ಸಣ್ಣ ಎಳೆಗಳು. ದೂರ ನೋಡುವಾಗ ಸ್ನಾಯುವಿಗೆ ವಿರಾಮ. ಎಳೆಗಳು ಬಿಗಿದು ನನ್ನನ್ನು ಚಪ್ಪಟೆ ಮಾಡುತ್ತವೆ. ಹತ್ತಿರದ್ದು ನೋಡಬೇಕಾದರೆ ಸ್ನಾಯು ಬಿಗಿದು ಉಂಗುರ ಕಿರಿದಾಗುತ್ತೆ, ಎಳೆ ಸಡಿಲವಾಗುತ್ತೆ, ನಾನು ಉಬ್ಬುತ್ತೀನಿ. ಮೊಬೈಲ್ ಹಿಡಿದು ಕೂತವರು ವಿಶ್ರಾಂತಿ ತಗೋತಿದ್ದೀನಿ ಅಂತಾರಲ್ಲ, ಆ ಸ್ನಾಯುವನ್ನು ಒಂದು ಮಾತು ಕೇಳಿ."

"ಇದೆಲ್ಲ ನೀವೇ ಮಾಡೋದು ಅನ್ನೋಕೆ ಸಾಕ್ಷಿ?"

"1801ರಲ್ಲಿ ಲಂಡನ್ನಿನ ಥಾಮಸ್ ಯಂಗ್ ತನ್ನ ಕಣ್ಣನ್ನೇ ನೀರಿಗೊಡ್ಡಿ ಕಾರ್ನಿಯಾದ ಆಟ ನಿಲ್ಲಿಸಿದ. ಆಗಲೂ ಕಣ್ಣು ಹತ್ತಿರ, ದೂರ ಹೊಂದಿಸಿಕೊಂಡಿತು."

"ಹಾಗಾದರೆ ಚೀಟಿ ಯಾಕೆ ಕಾಣಲ್ಲ?"

"ಚಾಳೀಸು. ನನ್ನಲ್ಲಿ ಹೊಸ ಪದರ ಬೆಳೀತಾನೇ ಇರುತ್ತೆ, ಹಳೇದು ಉದುರಲ್ಲ. ಗಟ್ಟಿಯಾಗಿಬಿಟ್ಟಿದ್ದೀನಿ, ಮೊದಲಿನಂತೆ ಉಬ್ಬೋಕಾಗಲ್ಲ. ಹತ್ತು ವರ್ಷದ ಹುಡುಗ ಏಳೆಂಟು ಸೆಂಟಿಮೀಟರಿನಲ್ಲಿ ಹಿಡಿದ ಅಕ್ಷರವನ್ನೂ ಓದುತ್ತಾನೆ. ಅರವತ್ತಕ್ಕೆ ಅದೇ ಅಕ್ಷರ ಮೀಟರಿನ ಆಸುಪಾಸು ಹೋಗಬೇಕು. ಅಷ್ಟುದ್ದದ ಕೈ ಯಾರಿಗಿದೆ?"

(ಪ್ರತಿನಿಧಿಯೂ ನಲವತ್ತು ದಾಟಿದವರೇ, ಪ್ರಶ್ನೆಗಳನ್ನು ದಪ್ಪಕ್ಷರದಲ್ಲಿ ಬರೆದುಕೊಂಡು ಬಂದಿದ್ದರು.)

"ದೂರದ ಬೆಟ್ಟ ನುಣ್ಣಗೆ ಅಂತ ಜನ ಆಡಿಕೊಳ್ಳುತ್ತಾರೆ."

"ಅದು ರೆಟಿನಾದ ಲೆಕ್ಕ. ಕಿಲೋಮೀಟರ್ ಆಚೆ ಎರಡು ಗುರುತುಗಳ ನಡುವೆ ಸುಮಾರು 30 ಸೆಂಟಿಮೀಟರ್ ಅಂತರ ಇಲ್ಲದಿದ್ದರೆ ಎರಡೂ ಒಂದೇ ಆಗಿ ಕಾಣುತ್ತವೆ. ಸೂಳಗಿರಿ ಬೆಟ್ಟದ ಬಂಡೆಯ ಬಿರುಕಿಗೆಲ್ಲ ನಾನು ಜವಾಬ್ದಾರನಲ್ಲ."

"ನಿವೃತ್ತಿ ಯಾವಾಗ?"

"ಪೊರೆ ಬಂದ ಮೇಲೆ. ಡಾ. ಎಂ.ಸಿ. ಮೋದಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದವರು. ಅವರ ಹೆಸರೆತ್ತಿದರೆ ನಮ್ಮ ಕುಲಕ್ಕೇ ನಡುಕ. ಆ ಕಾಲದಲ್ಲಿ ನಮ್ಮನ್ನು ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಈಗ ನನ್ನ ಜಾಗಕ್ಕೆ ಕೃತಕ ಮಸೂರದವನು ಬರುತ್ತಾನೆ. ಸಾಮಾನ್ಯವಾಗಿ ಅವನಿಗೆ ಗೊತ್ತಿರೋದು ಒಂದೇ ದೂರ. ಗುತ್ತಿಗೆ ನೌಕರ, ಒಪ್ಪಿಕೊಂಡಷ್ಟೇ ಕೆಲಸ."

"ಕೊನೆಯದಾಗಿ ಓದುಗರಿಗೆ?"

"ಬಸ್ ಸ್ಟ್ಯಾಂಡಿನಲ್ಲಿ ರೆಡಿಮೇಡ್ ಕನ್ನಡಕ ಕೊಳ್ಳುವ ಮೊದಲು ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಅದರಲ್ಲಿ ಎರಡೂ ಗಾಜಿಗೆ ಒಂದೇ ನಂಬರ್. ನನ್ನ ನಂಬರೂ ಎಡಗಣ್ಣಿನವನದೂ ಒಂದೇ ಅಂತ ಯಾರು ಹೇಳಿದರು?"