ಪಾಳ್ಯ ಹೋಬಳಿಯಿಂದ ಕೇಂಬ್ರಿಜ್: ಈಸ್ಯಾಟ್ ಸಾಧನಾ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಹೇಳದಿದ್ದರೆ ಪಂಡಿತರು ಪುಸ್ತಕ ಬಿಚ್ಚುವುದಿಲ್ಲ. ಹೇಳಿದರೂ ಬಿಚ್ಚುವುದಿಲ್ಲ ಎಂಬುದು ಬೇರೆ ಮಾತು. ಪ್ರಕೃತ ಗ್ರಂಥದ ವಿಷಯ ಈಸ್ಯಾಟ್. ಅಂದರೆ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯವೂ ಲಂಡನ್ನಿನ ಇಂಪೀರಿಯಲ್ ಕಾಲೇಜೂ ಕೂಡಿಕೊಂಡು 2024ರಿಂದ ನಡೆಸುತ್ತಿರುವ ಎಂಜಿನಿಯರಿಂಗ್ ಮತ್ತು ವಿಜ್ಞಾನ ಪ್ರವೇಶ ಪರೀಕ್ಷೆ. ಪ್ರಯೋಜನ: ಸೀಟು. ಸಂಬಂಧ: ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಪಾಳ್ಯ ಹೋಬಳಿಗೂ ಕೇಂಬ್ರಿಜ್‌ಗೂ ಎಲ್ಲಿಯ ನಂಟು ಎಂದು ಕೇಳುವವರಿದ್ದಾರೆ. ನಂಟು ಬಹಳ ಹಳೆಯದು ಎಂಬುದನ್ನು ಮುಂದೆ ಸಾಧಿಸಲಾಗುವುದು. ಅಧಿಕಾರಿಯ ಪ್ರಶ್ನೆ ಮಾತ್ರ ತೊಡಕಿನದು. ಅದಕ್ಕೆ ಪ್ರತ್ಯೇಕ ಪ್ರಕರಣವೇ ಬೇಕು.

ಅಧಿಕಾರಿ ಪ್ರಕರಣ

ಈಸ್ಯಾಟ್ ಬರೆಯಲು ಯಾರು ಅರ್ಹರು? ಇಲ್ಲಿ ಪೂರ್ವಪಕ್ಷ ಮೋರಿಕಟ್ಟೆ ಪಂಥದವರದು. ಬಸ್‌ಸ್ಟಾಪಿನ ಪಕ್ಕದ ಮೋರಿಯ ಮೇಲೆ ಕೂತು ಸಾಯಂಕಾಲ ಆರರ ತನಕ ಜಗತ್ತನ್ನು ವಿಚಾರಿಸಿಕೊಳ್ಳುವ ಹಿರಿಯರ ಪರಂಪರೆಯಿದು. ಇವರ ಮತದಲ್ಲಿ ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡ ಜೀವಕ್ಕೆ ಮೂರೇ ಗತಿ: ಸಿಇಟಿ, ನೀಟ್, ತೋಟ. ನಾಲ್ಕನೆಯದು ಶ್ರುತಿಯಲ್ಲಿ ಕೇಳಿಲ್ಲ, ಸ್ಮೃತಿಯಲ್ಲಿ ಕಂಡಿಲ್ಲ. ‘ಫಾರಿನ್‌ಗೆ ಎಂಬಿಬಿಎಸ್ ಓದೋಕ್ ಹೋಗ್ತಾರಲ್ಲ ಅಣ್ಣಾ’ ಎಂದು ಯಾರಾದರೂ ಆಕ್ಷೇಪಿಸಿದರೆ ಅದಕ್ಕೂ ಉತ್ತರ ಸಿದ್ಧವಾಗಿದೆ. 2018ರ ನಿಯಮದ ನಂತರ ಹೊರದೇಶದಲ್ಲಿ ವೈದ್ಯಕೀಯ ಓದಿ ಇಲ್ಲಿ ಡಾಕ್ಟರಾಗಬೇಕೆನ್ನುವವನೂ ನೀಟ್ ದಾಟಿಯೇ ಹೋಗಬೇಕು. ಆದ್ದರಿಂದ ಫಾರಿನ್ ಎಂಬುದು ನೀಟ್‌ನ ಒಂದು ಉಪಶಾಖೆ, ಸ್ವತಂತ್ರ ಗತಿಯಲ್ಲ.

ಸಿದ್ಧಾಂತಿಯ ಮತ ಬೇರೆ. ಅಧಿಕಾರ ತೀರ್ಮಾನವಾಗುವುದು ಪೌಂಡಿನಲ್ಲಿ. ಮೊದಲ ವರ್ಷ ಬ್ರಿಟನ್, ಐರ್ಲೆಂಡಿನ ಹುಡುಗರಿಗೆ ಪರೀಕ್ಷಾ ಶುಲ್ಕ 75 ಪೌಂಡ್ ಇತ್ತು, ಮಿಕ್ಕ ಲೋಕಕ್ಕೆ 130. ಪ್ರಶ್ನೆ ಅದೇ, ಪರದೆ ಅದೇ, ಸಮಯ ಅದೇ. ಮೇಲಿನ 55 ಪೌಂಡು ಯಾವುದಕ್ಕೆಂದು ಭಾಷ್ಯಕಾರರಲ್ಲಿ ಒಮ್ಮತವಿಲ್ಲ. ದೂರಕ್ಕೆ ತೆತ್ತ ಸುಂಕವೆಂಬುದು ಬಹುಮತ. ಇದನ್ನು ದಾಟಿದವನಿಗೆ ಮುಂದಿನ ದ್ವಾರ ಕಾದಿದೆ. ಕೇಂಬ್ರಿಜ್‌ನಲ್ಲಿ ವಿಜ್ಞಾನ ಓದುವ ವಿದೇಶಿ ವಿದ್ಯಾರ್ಥಿಯ ಬೋಧನಾ ಶುಲ್ಕವೇ ವರ್ಷಕ್ಕೆ 40 ಸಾವಿರ ಪೌಂಡಿನ ಮೇಲೆ, ಅಂದರೆ 40 ಲಕ್ಷ ರೂಪಾಯಿಗೂ ಮೇಲೆ. ಊಟ, ವಸತಿ, ಸ್ವೆಟರು ಪ್ರತ್ಯೇಕ. ಆದ್ದರಿಂದ ಅಧಿಕಾರಿಯೆಂದರೆ ಸ್ಕಾಲರ್‌ಶಿಪ್ ಸಿಕ್ಕವನು, ಇಲ್ಲವೇ ಹೋದ ಜನ್ಮದಲ್ಲೇ ಎಸ್ಟೇಟು ಮಾಡಿಟ್ಟು ಬಂದವನು. ಬುದ್ಧಿಯ ಮಾತು ಈ ಪ್ರಕರಣದಲ್ಲಿ ಬರುವುದಿಲ್ಲ. ಅದು ಅಗ್ಗದ ಸಾಮಗ್ರಿಯಾದ್ದರಿಂದ ಮುಂದೆ ತೆಗೆದುಕೊಳ್ಳಲಾಗುವುದು.

ಕಾಲ ಪ್ರಕರಣ

ಈಸ್ಯಾಟ್‌ನಲ್ಲಿ ಒಂದೊಂದು ಭಾಗಕ್ಕೆ 27 ಪ್ರಶ್ನೆ, 40 ನಿಮಿಷ. ಗಣಿತ ಒಂದು ಎಲ್ಲರಿಗೂ ಕಡ್ಡಾಯ. ಗಣಿತ ಎರಡು, ಭೌತ, ರಸಾಯನ, ಜೀವ ಇವುಗಳಲ್ಲಿ ಹೋಗುವ ಕೋರ್ಸಿಗೆ ತಕ್ಕಂತೆ ಇನ್ನೆರಡು. ಭಾಗಿಸಿ ನೋಡಿದರೆ ಪ್ರಶ್ನೆಯೊಂದಕ್ಕೆ ಸುಮಾರು 89 ಸೆಕೆಂಡು. ನಮ್ಮ ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ: ತಲಾ 80 ಸೆಕೆಂಡು. 2025ರ ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ: ತಲಾ 60. ಇಟಲಿಯ ವೈದ್ಯಕೀಯ ಪ್ರವೇಶಕ್ಕೆ ಐಮ್ಯಾಟ್ ಎಂಬುದೊಂದಿದೆ. ಅಲ್ಲಿ 60 ಪ್ರಶ್ನೆಗೆ 100 ನಿಮಿಷ, ತಲಾ 100.

ಈ ಅಂಕಿಗಳಿಂದ ನಾವು ಪಾಳ್ಯ ನಿಯಮವೆಂಬ ಒಂದು ನಿಯಮವನ್ನು ಹೊರತೆಗೆದಿದ್ದೇವೆ: ಪರೀಕ್ಷೆ ನಡೆಸುವವರು ಪಾಳ್ಯದಿಂದ ದೂರವಿದ್ದಷ್ಟೂ ಪ್ರಶ್ನೆಗೆ ಸಿಗುವ ಸಮಯ ಹೆಚ್ಚು. ಸಿಇಟಿ ನಡೆಸುವ ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರ 80 ಕೊಟ್ಟರೆ ಇಂಗ್ಲೆಂಡು 89 ಕೊಡುತ್ತದೆ. ಇಟಲಿ ಇಂಗ್ಲೆಂಡಿಗಿಂತ ಹತ್ತಿರವಿದ್ದೂ 100 ಕೊಡುವುದು ಅಪವಾದ, ಅಪವಾದವಿಲ್ಲದ ನಿಯಮ ಪಾಣಿನಿಯಲ್ಲೂ ಇಲ್ಲ. ನೀಟ್ ನಡೆಸುವ ದೆಹಲಿ ಮಲ್ಲೇಶ್ವರಕ್ಕಿಂತ ದೂರವಿದ್ದೂ 60ಕ್ಕೆ ಇಳಿದಿದೆ; ನಿಯಮದ ಹಿತದೃಷ್ಟಿಯಿಂದ ದೆಹಲಿಯನ್ನು ಲೆಕ್ಕದಿಂದ ಕೈಬಿಡಲಾಗಿದೆ. ದೆಹಲಿಯವರೂ ಪಾಳ್ಯವನ್ನು ಎಷ್ಟೋ ಸಲ ಹೀಗೆಯೇ ಮಾಡಿರುವುದರಿಂದ ಇದರಲ್ಲಿ ಪಾಪವಿಲ್ಲ.

ಪರೀಕ್ಷೆಯ ಋತುವೂ ವಿಚಾರಣೀಯ. ಈಸ್ಯಾಟ್ ವರ್ಷಕ್ಕೆ ಎರಡು ಬಾರಿ, ಅಕ್ಟೋಬರಿನಲ್ಲಿ ಮತ್ತು ಜನವರಿಯಲ್ಲಿ. ಜಪಾನಿನವರು ವಿದೇಶಿ ವಿದ್ಯಾರ್ಥಿಗಳಿಗೆಂದೇ 2002ರಿಂದ ನಡೆಸುವ ಇಜೆಯು ಪರೀಕ್ಷೆ ಜೂನ್ ಮತ್ತು ನವೆಂಬರಿನಲ್ಲಿ. ಜೂನೆಂದರೆ ಮುಂಗಾರು, ಕರೆಂಟಿಲ್ಲ. ಅಕ್ಟೋಬರೆಂದರೆ ಗದ್ದೆ ಹಾಲುಗಾಳಿಗೆ ಬರುವ ಕಾಲ, ಆನೆ. ನವೆಂಬರು ಅರೇಬಿಕಾ ಕುಯ್ಲು ಶುರು, ಜನವರಿ ರೊಬಸ್ಟಾ ಕುಯ್ಲು, ಆಳಿಲ್ಲ. ಓದುವ ಹುಡುಗನೇ ಆಳು. ಇಂಗ್ಲೆಂಡು, ಜಪಾನ್ ಎರಡೂ ಮಲೆನಾಡಿನ ಬೇಸಾಯದ ಪಂಚಾಂಗವನ್ನು ಎದುರಿಗಿಟ್ಟುಕೊಂಡು, ಯಾವ ದಿನ ಆಗುವುದಿಲ್ಲವೋ ಆ ದಿನವನ್ನೇ ಗೊತ್ತುಮಾಡಿದಂತೆ ಕಾಣುತ್ತದೆ.

ಸಂಖ್ಯಾ ಪ್ರಕರಣ

ಈಗ ಗ್ರಂಥದ ಮುಖ್ಯ ಸಂಶೋಧನೆಗೆ ಬರೋಣ. ಭಾಗಕ್ಕೆ 27 ಪ್ರಶ್ನೆ ಏಕೆ? 25 ಏಕಲ್ಲ, 30 ಏಕಲ್ಲ? ಕೇಂಬ್ರಿಜ್‌ನವರು ಕಾರಣ ಹೇಳಿಕೊಂಡಿಲ್ಲ. ಆದರೆ ಬಾಳ್ಳುಪೇಟೆಯ ಯಾವ ಕಾಫಿ ವ್ಯಾಪಾರಿಯನ್ನು ಕೇಳಿದರೂ 27ರ ಮೂಲ ತಿಳಿಯುತ್ತದೆ. ಒಣಗಿದ ರೊಬಸ್ಟಾ ಚೆರಿಯ 50 ಕೆಜಿ ಚೀಲದಿಂದ ಸಿಪ್ಪೆ ತೆಗೆದು ಎಷ್ಟು ಕೆಜಿ ಬೀಜ ಸಿಗುತ್ತದೋ ಅದು ಔಟ್‌ಟರ್ನ್, ಜನರ ಬಾಯಲ್ಲಿ ಒಟಿ. ಒಳ್ಳೆ ಮಾಲಿಗೆ 26, 27, 28. ಇಲ್ಲಿ 27 ಎಂಬುದು ಸಂಖ್ಯೆಯಲ್ಲ, ನೆಮ್ಮದಿ. ಕಾಫಿ ಬೀಜ ಯುರೋಪಿಗೆ ಹೋಗುವಾಗ ಜೊತೆಗೆ 27 ಕೂಡ ಹೋಯಿತೆಂದು ಊಹಿಸಲು ಯಾವ ಅಡ್ಡಿಯೂ ನಮಗೆ ಕಂಡಿಲ್ಲ.

ಈಸ್ಯಾಟ್‌ನಲ್ಲಿ ಕ್ಯಾಲ್ಕುಲೇಟರ್ ನಿಷಿದ್ಧ ಎಂದು ಬೆಂಗಳೂರಿನ ಅಭ್ಯರ್ಥಿಗಳು ಕಂಗಾಲಾಗುತ್ತಾರಂತೆ. ವ್ಯಾಪಾರಿಯ ಮಂಡಿಯಲ್ಲಿ ನಿಂತು ನೋಡಬೇಕು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಊದಿ, ಸಣ್ಣ ತಕ್ಕಡಿಯಲ್ಲಿಟ್ಟು, ಮಾಯಿಶ್ಚರ್ ಮೀಟರಿಗೆ ಸುರಿದು, ಹೆಚ್ಚಿನ ತೇವಕ್ಕೆ ಕಳೆದು, ಕೆಜಿ ಬೀಜದ ಧಾರಣೆಯಿಂದ ಗುಣಿಸಿ, ಚೀಲದ ರೇಟನ್ನು ಅವನು ಹೇಳುವ ಹೊತ್ತಿಗೆ 89 ಸೆಕೆಂಡು ಆಗಿರುವುದಿಲ್ಲ. ಎದುರಿಗೆ ಕೂತ ಗೌಡರು ಅದೇ ಲೆಕ್ಕವನ್ನು ಬಾಯಲ್ಲೇ ಮಾಡಿ ‘ಅರ್ಧ ಪಾಯಿಂಟ್ ತಿಂದೆ ಕಣಪ್ಪಾ’ ಎನ್ನುತ್ತಾರೆ. ಅನುಪಾತ, ಶೇಕಡಾವಾರು, ಅಂದಾಜು, ದೋಷದ ಮಿತಿ: ಗಣಿತ ಒಂದರ ಪಠ್ಯಕ್ರಮದ ಒಂದು ಪಾಲು ಈ ಒಂದು ಜಗಳದಲ್ಲಿ ಮುಗಿಯಿತು. ಏಕಮಾನಗಳ ಪರಿವರ್ತನೆಗೂ ಇಲ್ಲಿ ಟ್ಯೂಷನ್ ಬೇಕಿಲ್ಲ. ತೋಟದವರು ಮಳೆಯನ್ನು ಇಂಚು-ಸೆಂಟಿನಲ್ಲಿ ಅಳೆಯುತ್ತಾರೆ, ರೇಡಿಯೊದವರು ಮಿಲಿಮೀಟರಿನಲ್ಲಿ ಹೇಳುತ್ತಾರೆ. 80 ಸೆಂಟು ಬಿತ್ತೆಂದರೆ 20 ಮಿಲಿಮೀಟರು ಎಂದು ಮನೆಯ ಹೆಂಗಸರು ಸೊಪ್ಪು ಬಿಡಿಸುತ್ತಲೇ ಹೇಳಬಲ್ಲರು.

ರಸಾಯನ ಪ್ರಕರಣ

ಕ್ಷೇತ್ರಕಾರ್ಯದ ಟಿಪ್ಪಣಿ. ಸ್ಥಳ: ಕಾಫಿಗಿಡಗಳ ನಡುವೆ 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಕಾಲ: ಮಳೆ ಹಿಡಿಯುವ ಮುಂಚೆ. ಪಾತ್ರಗಳು: ತಾತ, ಮೊಮ್ಮಗ. ಎರಡು ಕೆಜಿ ಮೈಲುತುತ್ತ ಒಂದು ಬಕೆಟ್ಟಿನಲ್ಲಿ ಕರಗಿದೆ, ಎರಡು ಕೆಜಿ ಸುಣ್ಣ ಇನ್ನೊಂದರಲ್ಲಿ. ಎರಡನ್ನೂ ಸೇರಿಸಿ ನೀರು ತುಂಬಿ ಕೋಲಿನಿಂದ ತಿರುವಿದ್ದಾಗಿದೆ. ಬಣ್ಣ ಆಕಾಶದ್ದು.

‘ಕುಡ್ಲು ಅದ್ದಿ ನೋಡ್ಲಾ.’

‘ಅದ್ದಿದೆ ತಾತ.’

‘ಕೆಂಪಾಯ್ತಾ?’

‘ಹ್ಞೂಂ, ಅಂಚು ಕೆಂಪಾಯ್ತು.’

‘ಹಂಗಾದ್ರೆ ಸುಣ್ಣ ಸಾಲ್ದು. ಇನ್ನೊಂದಿಷ್ಟು ಬಿಡು.’

ಇಷ್ಟೇ ಸಂವಾದ. ಮಸೆದ ಕಬ್ಬಿಣವನ್ನು ತಾಮ್ರದ ಸಲ್ಫೇಟಿನಲ್ಲಿ ಅದ್ದಿದರೆ ಕಬ್ಬಿಣ ಕರಗಿ ತಾಮ್ರವನ್ನು ಹೊರದೂಡುತ್ತದೆ, ಆ ತಾಮ್ರ ಅಲಗಿನ ಮೇಲೆ ಕೂರುತ್ತದೆ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಇದರ ಹೆಸರು ಸ್ಥಾನಪಲ್ಲಟ ಕ್ರಿಯೆ. ಅಲ್ಲಿ ಕುಡ್ಲಿನ ಬದಲು ಮೊಳೆಯಿದೆ, ತಾತನ ಬದಲು ಮೇಷ್ಟ್ರಿದ್ದಾರೆ. ಸುಣ್ಣ ಸಾಕಷ್ಟಿದ್ದರೆ ಬಿಡುಬೀಸಾಗಿ ತಿರುಗುವ ತಾಮ್ರವಿರುವುದಿಲ್ಲ, ಕುಡ್ಲು ಕೆಂಪಾಗುವುದಿಲ್ಲ, ಎಲೆ ಸುಡುವುದಿಲ್ಲ. ಲೋಹಗಳ ಕ್ರಿಯಾಶೀಲತೆ, ಆಮ್ಲ-ಪ್ರತ್ಯಾಮ್ಲ, ಪ್ರಕ್ಷೇಪ, ಅಪಕರ್ಷಣ: ನಾಲ್ಕು ಅಧ್ಯಾಯ ಒಂದು ಡ್ರಮ್ಮಿನಲ್ಲಿ. ಡ್ರಮ್ಮು ಪ್ಲಾಸ್ಟಿಕ್ಕಿನದೇ ಏಕೆ, ತಗಡಿನದು ಏಕಲ್ಲ ಎಂಬುದೂ ಅದೇ ಕ್ರಿಯೆಯ ಉತ್ತರಾರ್ಧ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಬಳ್ಳಿಯ ರೋಗಕ್ಕೆಂದು ಪ್ರಕಟಿಸಿದ ಬೋರ್ಡೋ ಮದ್ದು ಇದು. ಪಾಳ್ಯದಲ್ಲಿ ಕಾಫಿಯ ಕೊಳೆರೋಗಕ್ಕೂ ಮೆಣಸಿನ ಬಳ್ಳಿಗೂ ಒದಗಿದೆ.

ಪ್ರಬಂಧದ ಗಾಂಭೀರ್ಯವನ್ನು ಒಂದು ಗಳಿಗೆ ಬದಿಗಿಟ್ಟು ಹೇಳುವುದಾದರೆ, ನೋವಿನ ಸಂಗತಿ ಇರುವುದು ಇಲ್ಲೇ. ಇದೇ ಮೊಮ್ಮಗನನ್ನು ಪಿಯುಸಿಗೆಂದು ಪೇಟೆಯ ಹಾಸ್ಟೆಲ್ಲಿಗೆ ಹಾಕುತ್ತಾರೆ. ಬೆಳಗಿನ ಐದಕ್ಕೆ ಎಬ್ಬಿಸಿ, ರಾತ್ರಿ ಹತ್ತರವರೆಗೆ ಕೂರಿಸಿ, ನಾಲ್ಕು ಉತ್ತರಗಳಲ್ಲಿ ಮೂರನ್ನು ಹೊಡೆದುಹಾಕುವ ವಿದ್ಯೆ ಕಲಿಸುತ್ತಾರೆ. ‘ತಾಮ್ರದ ಸಲ್ಫೇಟಿಗೆ ಕಬ್ಬಿಣ ಹಾಕಿದರೆ’ ಎಂಬ ಪ್ರಶ್ನೆ ಬಂದಾಗ ಅವನಿಗೆ ಆಯ್ಕೆ ಬಿ ನೆನಪಾಗುತ್ತದೆಯೇ ಹೊರತು ತಾತನ ಕುಡ್ಲಲ್ಲ. ಈಸ್ಯಾಟ್ ಕೇಳುವುದು ಹೆಚ್ಚಾಗಿ ಶಾಲೆಯ ಮಟ್ಟದ ವಿಜ್ಞಾನವನ್ನೇ, ಆದರೆ ಹೊಸ ಸನ್ನಿವೇಶದಲ್ಲಿಟ್ಟು. ಅಲ್ಲಿ ಬಾಯಿಪಾಠ ಕೈಕೊಡುತ್ತದೆ, ಕುಡ್ಲು ಕೈಹಿಡಿಯುತ್ತದೆ.

ಜೀವ ಪ್ರಕರಣ

ಇದು ಸಣ್ಣದು. ಅರೇಬಿಕಾಕ್ಕೆ 44 ಕ್ರೋಮೋಸೋಮು, ರೊಬಸ್ಟಾಕ್ಕೆ 22. ಅರೇಬಿಕಾ ತನ್ನ ಹೂವಿನ ಪರಾಗವನ್ನು ತಾನೇ ಬಳಸಿಕೊಳ್ಳುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ್ದೇ ಆಗಬೇಕು. ಹೂಮಳೆ ಬಿದ್ದ ವಾರ-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾದಾಗ ರೊಬಸ್ಟಾದವನು ಜೇನು ಬಂತೇ ಎಂದು ನೋಡುತ್ತಾನೆ, ಅರೇಬಿಕಾದವನು ಕಾಂಡಕೊರಕ ಬಂತೇ ಎಂದು ನೋಡುತ್ತಾನೆ. ತಳಿಶಾಸ್ತ್ರದಲ್ಲಿ ಇದಕ್ಕಿಂತ ಹೆಚ್ಚು ಬೇಕಾದವರು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗತಕ್ಕದ್ದು.

ಗಜ ಪ್ರಕರಣ

ಭೌತಶಾಸ್ತ್ರದಲ್ಲಿ ಪಾಳ್ಯ ಹೋಬಳಿಯ ಪರಮಾಚಾರ್ಯನೆಂದರೆ ಆನೆ. ತೋಟದ ಸುತ್ತ ಸೋಲಾರ್ ಬೇಲಿ ಎಳೆದರೆ, ಜನ ಅದನ್ನು ಐಬೆಕ್ಸ್ ಎನ್ನುತ್ತಾರೆ, ಆನೆ ಮೊದಲು ಸೊಂಡಿಲಿನಿಂದ ಮುಟ್ಟಿ ವಾಹಕ ಯಾವುದೆಂದು ತಿಳಿಯುತ್ತದೆ. ಆಮೇಲೆ ದಂತದಿಂದ ತಂತಿ ಹರಿಯುತ್ತದೆ, ಏಕೆಂದರೆ ದಂತದಲ್ಲಿ ವಿದ್ಯುತ್ ಹರಿಯುವುದಿಲ್ಲ. ದಂತವಿಲ್ಲದ ಹೆಣ್ಣಾನೆ ಮರ ಕೆಡವಿ ತಂತಿಯ ಮೇಲೆ ಹಾಕುತ್ತದೆ. ಬಲ, ಭ್ರಾಮಕ, ಅವಾಹಕ, ಮಂಡಲ ಕಡಿತ. 27ಕ್ಕೆ 27.

ಸೀಟು ಹಂಚಿಕೆಯಲ್ಲೂ ಆನೆಗಳ ಅನುಭವ ದೊಡ್ಡದು. ಹೈಕೋರ್ಟು ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟ ಮೇಲೆ ಆಲೂರು-ಸಕಲೇಶಪುರ ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. 22 ಸೀಟು ಖಾಲಿಯಾಯಿತು. ಎರಡನೇ ಸುತ್ತಿನಲ್ಲಿ ಬೇರೆ ಆನೆಗಳು ಬಂದು ಸೇರಿಕೊಂಡವು, ಯಾರೂ ಆಪ್ಷನ್ ಎಂಟ್ರಿ ಮಾಡಲಿಲ್ಲ. ನಗುವ ಮಾತಲ್ಲ ಇದು. ಕಾಫಿ ಕುಯ್ಯಲು ಹೋದ ಕೂಲಿಯವರು ಮನೆಗೆ ಮರಳದ ದಿನಗಳನ್ನು ಈ ಸೀಮೆ ಎಷ್ಟೋ ಕಂಡಿದೆ. ಅಕ್ಟೋಬರಿನ ಪರೀಕ್ಷೆಗೆ ಬೆಂಗಳೂರಿನ ಕೇಂದ್ರ ಮುಟ್ಟಲು ಕತ್ತಲಲ್ಲೇ ಹೆದ್ದಾರಿಗೆ ನಡೆದುಬರಬೇಕಾದ ಹುಡುಗಿಗೆ ಹಾಲ್‌ಟಿಕೆಟ್‌ಗಿಂತ ಮೊದಲು ಬೇಕಾದದ್ದು ಅರಣ್ಯ ಇಲಾಖೆಯ ಎಸ್ಸೆಮ್ಮೆಸ್ಸು: ಹಿಂಡು ಈಗ ಎಲ್ಲಿದೆ? ಕೇಂಬ್ರಿಜ್‌ನವರ ಸೂಚನಾಪಟ್ಟಿಯಲ್ಲಿ ಈ ಅಂಶ ಬಿಟ್ಟುಹೋಗಿದೆ.

ಸಾಧನ ಪ್ರಕರಣ

ಅಭ್ಯಾಸಕ್ಕೆ ಬೇಕಾದ ಮಾದರಿ ಪರೀಕ್ಷೆಗಳೆಲ್ಲ ಅಂತರ್ಜಾಲದಲ್ಲಿವೆ. ಹಾಸನದಲ್ಲಿ ಇಸ್ರೋದವರ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ 36 ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳ ಜೊತೆ ಮಾತಾಡುತ್ತಿದೆ. ಅದೇ ಜಿಲ್ಲೆಯ ತೋಟದ ಮನೆಯಲ್ಲಿ ಹುಡುಗ ನೆಟ್‌ವರ್ಕ್ ಸಿಗದೆ ಗೇಟಿನ ಹತ್ತಿರದ ಸಿಲ್ವರ್ ಮರದ ಬುಡದಲ್ಲಿ ಮೊಬೈಲು ಎತ್ತಿಹಿಡಿದು ನಿಂತಿರುತ್ತಾನೆ. ಉಪಗ್ರಹವಾಗಿ ಹುಟ್ಟಿದ್ದರೆ ಅವನಿಗೆ ಈ ಕಷ್ಟವಿರುತ್ತಿರಲಿಲ್ಲ.

ಪರೀಕ್ಷಾ ಕೇಂದ್ರದಲ್ಲಿ ಕಾಗದ ಕೊಡುವುದಿಲ್ಲ. ಬರೆದು ಒರೆಸುವ ಹಾಳೆ, ಒಂದು ಪೆನ್ನು, ಅಷ್ಟೇ. ಎಂಟು ಶತಮಾನ ಕಂಡ ವಿಶ್ವವಿದ್ಯಾಲಯವೊಂದು ಕೊನೆಗೂ ಸ್ಲೇಟಿಗೆ ಬಂದು ತಲುಪಿದ್ದನ್ನು ನಮ್ಮ ಅಂಗನವಾಡಿಗಳ ಪರವಾಗಿ ಸ್ವಾಗತಿಸುತ್ತೇವೆ.

ಫಲಶ್ರುತಿ

ಈ ಪ್ರಬಂಧವನ್ನು ಯಾರು ಶುಕ್ಲಪಕ್ಷದಲ್ಲಿ ಕರೆಂಟಿರುವಾಗ ಓದುತ್ತಾರೋ, ಯಾರು ಕರೆಂಟು ಹೋದಾಗ ಓದಿದವರಿಂದ ಕೇಳುತ್ತಾರೋ, ಅವರಿಬ್ಬರಿಗೂ ಈಸ್ಯಾಟ್‌ನಲ್ಲಿ ಫೇಲಾಗುವ ಭಯವಿಲ್ಲ. ಇದು ನಮ್ಮ ಗ್ರಂಥದ ಮಹಿಮೆಯಲ್ಲ. ಆ ಪರೀಕ್ಷೆಯಲ್ಲಿ ಪಾಸು-ಫೇಲೇ ಇಲ್ಲ. ಒಂದೊಂದು ಭಾಗಕ್ಕೂ ಒಂದರಿಂದ ಒಂಬತ್ತರವರೆಗಿನ ಒಂದು ಅಂಕ ಕೊಡುತ್ತಾರೆ, ತಪ್ಪಿಗೆ ಕಳೆಯುವುದಿಲ್ಲ. ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಮಿಕ್ಕಿದ್ದು ಅಣಕವಲ್ಲದ ಮಾತು. ಕೇಂಬ್ರಿಜ್‌ಗೆ ಅರ್ಜಿ ಹಾಕುವವರು ಅಕ್ಟೋಬರಿನ ಪರೀಕ್ಷೆಯನ್ನೇ ಬರೆಯಬೇಕು, ಅದಕ್ಕೆ ಹೆಸರು ನೋಂದಾಯಿಸುವ ಅವಧಿ ಸೆಪ್ಟೆಂಬರಿನಲ್ಲೇ ಮುಗಿಯುತ್ತದೆ, ಒಂದು ಪ್ರವೇಶ ವರ್ಷದಲ್ಲಿ ಒಮ್ಮೆ ಮಾತ್ರ ಬರೆಯಲು ಅವಕಾಶ. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಅಲೆಯಬೇಕಿಲ್ಲ, ಹಾಸನದ ಅಂಚೆ ಕಚೇರಿಯ ಸೇವಾ ಕೇಂದ್ರದಲ್ಲೇ ಆಗುತ್ತದೆ. ಈಸ್ಯಾಟ್‌ಗೆ ಮುಂಚೆ 2016ರಿಂದ 2023ರವರೆಗೆ ಕೇಂಬ್ರಿಜ್ ನಡೆಸಿದ ಎನ್‌ಎಸ್‌ಎಎ, ಇಎನ್‌ಜಿಎಎ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳು ಉತ್ತರದ ಸಮೇತ ದುಡ್ಡಿಲ್ಲದೆ ಸಿಗುತ್ತವೆ. ನಿಮ್ಮ ಊರಿನ ಪಿಯು ಕಾಲೇಜಿನ ಮೇಷ್ಟ್ರಿಗೆ ಹೇಳಿ ಒಂದು ಪ್ರತಿ ಇಳಿಸಿಕೊಂಡು ಲೈಬ್ರರಿಯಲ್ಲಿ ಇಡಿಸಿ. ಕೇಂಬ್ರಿಜ್‌ಗೆ ಹೋಗದ ಮಕ್ಕಳೂ ಓದಲಿ.