ಬಾವಿ ಊರಿನದು, ಹಗ್ಗ ನಿಮ್ಮದು

ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಒಂದು ಬಿಳಿ ಪೆಟ್ಟಿಗೆಯಿದೆ. ಪಕ್ಕದಲ್ಲಿ ‘ಸರ್ಚ್’ ಎಂಬ ಗುಂಡಿ, ಕೆಳಗೆ ಕುಡಿದವನು ಬರೆದಂತೆ ಓಲಾಡುವ ಐದಾರು ಅಕ್ಷರಗಳು. ತಾನು ಇಂಥದ್ದನ್ನು ಕಂಡುಹಿಡಿದೆ ಎಂದು ಈ ದೇಶದಲ್ಲಿ ಅರ್ಜಿ ಹಾಕಿದವರ ಕಥೆಗಳು ಅದರ ಹೊಟ್ಟೆಯಲ್ಲಿವೆ. ಟ್ರೇಡ್‌ಮಾರ್ಕುಗಳ ಕಥೆ ಅದರ ತಂಗಿಯ ಹೊಟ್ಟೆಯಲ್ಲಿ. ದಿನವಿಡೀ ಪ್ರಶ್ನೆ ನುಂಗುವ ಈ ಪೆಟ್ಟಿಗೆಯನ್ನೇ ಕುರಿತು ಯಾರೂ ಪ್ರಶ್ನೆ ಕೇಳಿದಂತಿಲ್ಲ. ಮಾತಾಡಲು ಅದು ಒಪ್ಪಿತು, ಒಂದು ಷರತ್ತಿನ ಮೇಲೆ: ಓಲಾಡುವ ಅಕ್ಷರಗಳನ್ನು ಓದಿ ಹೇಳಿ, ತಾನು ಮನುಷ್ಯನೆಂದು ಸಂದರ್ಶಕ ಮೊದಲು ಸಾಬೀತು ಮಾಡಬೇಕು. ತಾನು ಪೆಟ್ಟಿಗೆ ಎಂಬುದಕ್ಕೆ ಅದೇನೂ ಪುರಾವೆ ಕೊಡಲಿಲ್ಲ.

ನಾವು: ನಿಮ್ಮ ಮನೆತನದಿಂದಲೇ ಶುರುಮಾಡೋಣ.

ಪೆಟ್ಟಿಗೆ: ದೊಡ್ಡ ಮನೆತನ ಸ್ವಾಮಿ. 1856ರಲ್ಲಿ ಕಲ್ಕತ್ತೆಯ ಜಾರ್ಜ್ ಆಲ್‌ಫ್ರೆಡ್ ಡಿಪೆನಿಂಗ್ ಎಂಬವರು ಪಂಖಾ ಎಳೆಯುವ ಯಂತ್ರಕ್ಕೆ ಅರ್ಜಿ ಹಾಕಿದರು. ಈ ದೇಶದ ಮೊದಲ ಅರ್ಜಿ ಅದೇ. ಬೆವರುತ್ತಿದ್ದ ಸಾಹೇಬರಿಗೆ ಗಾಳಿ ಬೀಸುವುದರಿಂದ ನಮ್ಮ ಸೇವೆ ಆರಂಭ ಎನ್ನಿ. ಆಮೇಲೆ ಎಷ್ಟೋ ಕಾಲ ಕಪಾಟು, ಕಡತ, ಗೆದ್ದಲು. ಮಾಹಿತಿ ಬೇಕಾದವನು ಕಚೇರಿಗೆ ಬರಬೇಕು. ಅವನು ಬಂದಾಗ ಗುಮಾಸ್ತ ಊಟಕ್ಕೆ ಹೋಗಿರಬೇಕು. ಯುರೋಪಿನಲ್ಲಿ 1998ರಲ್ಲಿ ಎಸ್ಪಾಸ್‌ನೆಟ್ ಬಂತು, 2006ರಲ್ಲಿ ಗೂಗಲ್ ಕೂಡ ಪೇಟೆಂಟ್ ಹುಡುಕಿಕೊಡತೊಡಗಿತು, ನಮ್ಮಲ್ಲಿ 2015ರಿಂದ ಇನ್‌ಪಾಸ್ ಎಂಬ ಹೆಸರಿನಲ್ಲಿ ನಾನಿದ್ದೇನೆ. ಶುಲ್ಕವಿಲ್ಲ, ಭಾನುವಾರವಿಲ್ಲ, ಊಟಕ್ಕೂ ಏಳುವುದಿಲ್ಲ. ಸಾರ್ವಜನಿಕರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದು?

ನಾವು: ಆ ‘ಉಪಕಾರ’ದ ಬಗ್ಗೆಯೇ ನಮ್ಮ ತಕರಾರು. ಪೇಟೆಂಟ್ ಎಂಬ ಪದದ ಲ್ಯಾಟಿನ್ ಬೇರಿಗೆ ತೆರೆದಿರುವುದು ಎಂದೇ ಅರ್ಥ. ರಾಜ ಮುದ್ರೆಯೊತ್ತಿ, ಯಾರು ಬೇಕಾದರೂ ಓದಲೆಂದು ಮುಚ್ಚದೆ ಬಿಡುತ್ತಿದ್ದ ಪತ್ರ ಅದು. ಇವತ್ತಿನ ಕಾನೂನೂ ಕೊಡುಕೊಳ್ಳುವ ಲೆಕ್ಕವೇ. 1970ರ ಪೇಟೆಂಟ್ ಕಾಯ್ದೆ ಕಂಡುಹಿಡಿದವನಿಗೆ 20 ವರ್ಷದ ಏಕಸ್ವಾಮ್ಯ ಕೊಡುತ್ತದೆ. ಪ್ರತಿಯಾಗಿ ಅವನು ತನ್ನ ಕೆಲಸವನ್ನು, ಆ ವಿದ್ಯೆ ಬಲ್ಲ ಇನ್ನೊಬ್ಬ ಓದಿಕೊಂಡು ಮಾಡುವಷ್ಟು ಬಿಡಿಸಿ ಬರೆದುಕೊಡಬೇಕು. ಸಾಮಾನ್ಯವಾಗಿ 18 ತಿಂಗಳು ಕಳೆದ ಮೇಲೆ ಸರ್ಕಾರ ಅದನ್ನು ಪ್ರಕಟಿಸುತ್ತದೆ. ಅಂದರೆ ಅಷ್ಟು ವರ್ಷ ಒಬ್ಬನೇ ಮಾರುವವನಿಗೆ ಅವನು ಹೇಳಿದ ಬೆಲೆ ತೆತ್ತದ್ದಕ್ಕೆ ಜನರಿಗೆ ಸಲ್ಲುವ ಕೂಲಿ ಆ ಬರಹ. ಕೂಲಿಯನ್ನು ಯಾರೂ ಉಪಕಾರ ಎನ್ನುವುದಿಲ್ಲ. ಕೂಲಿ ಬಟವಾಡೆಯ ಕಿಟಕಿಯಲ್ಲಿ ನೀವು ಕೂತಿದ್ದೀರಿ. ಪೂರ್ತಿ ಎಣಿಸಿ ಕೊಡುತ್ತಿದ್ದೀರಾ ಎಂಬುದಷ್ಟೇ ಪ್ರಶ್ನೆ.

ಪೆಟ್ಟಿಗೆ: ನಾನೇನು ಬಚ್ಚಿಟ್ಟಿದ್ದೇನೆಯೇ? ಬಾವಿ ತೆರೆದೇ ಇದೆ. ಸೇದಿಕೊಳ್ಳಿ.

ನಾವು: ಹಗ್ಗ?

ಪೆಟ್ಟಿಗೆ: ಬಾವಿ ಊರಿನದು, ಹಗ್ಗ ನಿಮ್ಮದು.

ನಾವು: ಇಲ್ಲಿ ಹಗ್ಗ ಎಂದರೆ ಸರಿಯಾದ ಪದ. ಅದನ್ನು ಊಹಿಸುವುದೇ ಕಷ್ಟ. 1988ರಲ್ಲಿ ಅಮೆರಿಕದಲ್ಲಿ ಮಂಜೂರಾದ ಒಂದು ಪೇಟೆಂಟಿನ ತಲೆಬರಹವನ್ನು ಕನ್ನಡಕ್ಕಿಳಿಸಿದರೆ ಹೀಗಾಗುತ್ತದೆ: ‘ಕೈಗೆ ಖಚಿತವಾಗಿ ಸಿಕ್ಕಲು ನೆರವಾಗುವ ಜೋಲು ಎಳೆಗಳುಳ್ಳ, ಹೆಚ್ಚುಕಡಿಮೆ ಗೋಳಾಕಾರದ ವಸ್ತು’. ಇದು ಮಕ್ಕಳಾಡುವ ಚೆಂಡು, ಮೈತುಂಬ ರಬ್ಬರ್ ಎಳೆಗಳಿರುವ ಕೂಶ್ ಚೆಂಡು. ತಲೆಬರಹದಲ್ಲಿ ಚೆಂಡು ಎಂಬ ಮಾತೇ ಇಲ್ಲ. ಬರೆದವರಿಗೆ ಪದ ಗೊತ್ತಿಲ್ಲದೆ ಹೀಗಾದದ್ದಲ್ಲ. ಚೆಂಡು ಎಂದರೆ ಬೇಲಿ ಚೆಂಡಿನ ಸುತ್ತಲೇ ನಿಲ್ಲುತ್ತದೆ, ವಸ್ತು ಎಂದರೆ ಇನ್ನೂ ನಾಲ್ಕು ಮಾರು ಆಚೆ ಹೋಗುತ್ತದೆ. ಪದದಿಂದ ಸಿಗದಿದ್ದರೆ ವರ್ಗದ ಸಂಖ್ಯೆ ಹಿಡಿದು ಬನ್ನಿ ಎನ್ನುತ್ತೀರಿ. ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದಲ್ಲಿ 70,000ಕ್ಕೂ ಹೆಚ್ಚು ಒಳಮನೆಗಳಿವೆ. ಇಡ್ಲಿ ಪಾತ್ರೆಗೆ ಹೊಸ ಉಪಾಯ ಹೊಳೆದವನು ತಟ್ಟಬೇಕಾದ ಬಾಗಿಲು ಎ47ಜೆ 27/04. ಆವಿಯಲ್ಲಿ ಬೇಯಿಸುವ ಪಾತ್ರೆಗಳ ಮನೆ ಅದು. ಒಳಗೆ ಹೋದರೆ ಚೀನಾದ್ದೋ ಜಪಾನಿನದ್ದೋ, ಇಡ್ಲಿ ಪಾತ್ರೆಯ ನೆಂಟರಿಷ್ಟರೆಲ್ಲ ಪಂಕ್ತಿಯಲ್ಲಿ ಕೂತಿರುತ್ತಾರೆ. ಮೆಚ್ಚಬೇಕಾದ ವ್ಯವಸ್ಥೆ, ಸುಳ್ಳು ಹೇಳಬಾರದು. ಆದರೆ ‘ಇಡ್ಲಿಯವರು ಈ ಕಡೆ’ ಎಂದು ಕೈತೋರಿಸುವ ಒಂದು ಫಲಕವಾದರೂ ಬೀದಿ ಕೊನೆಯಲ್ಲಿ ಬೇಡವೇ?

ಪೆಟ್ಟಿಗೆ: ಅದಕ್ಕೇ ಪೇಟೆಂಟ್ ಏಜೆಂಟರಿರುವುದು, ಪರೀಕ್ಷೆ ಬರೆದು ಪಾಸಾದವರು. ಹಲ್ಲುನೋವು ಬಂದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿಲ್ಲವೇ ನೀವು?

ನಾವು: ಕೀಳಿಸಲು ಹೋಗುತ್ತೇವೆ; ಬಾಯಲ್ಲಿ ಹಲ್ಲು ಎಷ್ಟಿವೆ ಎಂದು ಎಣಿಸಲು ಹೋಗುವುದಿಲ್ಲ. ಅರ್ಜಿ ಬರೆಯಲು, ಹಕ್ಕಿನ ಗಡಿ ಗುರುತಿಸಲು ಏಜೆಂಟರು ಬೇಕೇ ಬೇಕು. ಆದರೆ ಈ ಪೇಟೆಂಟಿಗೆ ಇನ್ನೂ ಜೀವ ಇದೆಯೇ, ನವೀಕರಣ ಶುಲ್ಕ ಕಟ್ಟದೆ ನಡುದಾರಿಯಲ್ಲೇ ಸತ್ತಿದೆಯೇ, ಭಾರತದಲ್ಲಿ ಅರ್ಜಿಯನ್ನಾದರೂ ಹಾಕಿದ್ದರೇ ಎಂಬುದೆಲ್ಲ ಹಲ್ಲೆಣಿಸುವ ಪ್ರಶ್ನೆಗಳು. ಪೇಟೆಂಟ್ ಆಯಾ ದೇಶದ ಗಡಿಯೊಳಗಿನ ಹಕ್ಕು. ಜರ್ಮನಿಯಲ್ಲಿ ಪಡೆದು ಇಲ್ಲಿ ಪಡೆಯದ್ದನ್ನೋ, ಇಲ್ಲೇ ಪಡೆದು ಅವಧಿ ಮುಗಿದದ್ದನ್ನೋ ಪೀಣ್ಯದ ಸಣ್ಣ ವರ್ಕ್‌ಶಾಪಿನವನು ಮಾಡಿ ಇಲ್ಲೇ ಮಾರಿದರೆ ಪೇಟೆಂಟಿನ ಹೆಸರಿನಲ್ಲಿ ಯಾರೂ ಅವನನ್ನು ತಡೆಯಲಾರರು. ನಕ್ಷೆ ಸಮೇತ ಬರೆದಿಟ್ಟ ಪುಕ್ಕಟೆ ಪಾಠಶಾಲೆ ಅವನ ಪಾಲಿಗೆ ಇದು. ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ತಿಳಿಯದವನು ಮಾತ್ರ ಎಲ್ಲಕ್ಕೂ ಹೆದರುತ್ತಾನೆ, ಇಲ್ಲವೇ ಯಾವುದಕ್ಕೂ ಹೆದರದೆ ನೋಟಿಸು ತಿನ್ನುತ್ತಾನೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಿಮ್ಮ ಹೊಸ್ತಿಲಲ್ಲೇ ಹುಟ್ಟಿರಬೇಕು.

ಪೆಟ್ಟಿಗೆ: (ಕೊಂಚ ಹೊತ್ತು ಗಿರಗಿರನೆ ಸುತ್ತಿ) ನನ್ನದೊಂದೇ ತತ್ವ, ಬರೆದುಕೊಳ್ಳಿ. ಸಿಗದ್ದು ಇಲ್ಲ.

ನಾವು: ಬರೆದುಕೊಂಡೆವು. ಆ ತತ್ವಕ್ಕೆ ತೆರಬೇಕಾದ ಬೆಲೆ 1995ರಲ್ಲೇ ಗೊತ್ತಾಗಿದೆ. ಆ ವರ್ಷ ಅಮೆರಿಕದ ಪೇಟೆಂಟ್ ಕಚೇರಿ ಗಾಯಕ್ಕೆ ಅರಿಶಿನ ಬಳಸುವುದನ್ನು ಹೊಸ ಸಂಶೋಧನೆಯೆಂದು ಒಪ್ಪಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಕೊಟ್ಟಿತು. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡಿದ್ದವರಿಗೆ, ಗಿಡ ಸಮುದ್ರ ದಾಟಿ ಮದ್ದಾದ ಸುದ್ದಿ ಬಂತು. ಅಲ್ಲಿನ ಪರೀಕ್ಷಕ ಕೆಟ್ಟವನೆಂದು ಬೈದು ಫಲವಿಲ್ಲ; ಅವನು ಹುಡುಕುವ ಜಾಗಗಳಲ್ಲಿ ಮಗುವಿನ ಮಂಡಿಗೆ ಅರಿಶಿನ ಮೆತ್ತುವ ಅಜ್ಜಿಯರಿರಲಿಲ್ಲ. ಭಾರತದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಸಂಸ್ಕೃತ ಗ್ರಂಥದಿಂದ ಹಿಡಿದು 1953ರ ವೈದ್ಯಕೀಯ ಪತ್ರಿಕೆಯ ಲೇಖನದವರೆಗೆ 32 ಉಲ್ಲೇಖಗಳನ್ನು ಗುಡ್ಡೆಹಾಕಿದ ಮೇಲೆ 1997ರಲ್ಲಿ ಅದು ರದ್ದಾಯಿತು. ಬೇವಿನೆಣ್ಣೆಯಿಂದ ಬೂಷ್ಟು ತಡೆಯುವ ವಿಧಾನಕ್ಕೆ ಯುರೋಪ್ ಕೊಟ್ಟಿದ್ದ ಪೇಟೆಂಟ್ ಪೂರ್ತಿ ಕೊನೆಯುಸಿರೆಳೆಯಲು 2005 ಬರಬೇಕಾಯಿತು. ಕೋಟ್ಯಂತರ ಜನಕ್ಕೆ ಗೊತ್ತಿತ್ತು, ಪೆಟ್ಟಿಗೆಗೆ ಗೊತ್ತಿರಲಿಲ್ಲ. ಗೆದ್ದದ್ದು, ಮೊದಲ ಸುತ್ತಿನಲ್ಲಿ, ಪೆಟ್ಟಿಗೆ.

ಪೆಟ್ಟಿಗೆ: ಆ ಪಾಠ ಕಲಿತೇ ಟಿಕೆಡಿಎಲ್ ಕಟ್ಟಿದ್ದು! ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ, 2001ರಲ್ಲಿ ಶುರು. ನಾಲ್ಕು ಲಕ್ಷಕ್ಕೂ ಮಿಕ್ಕಿ ಔಷಧ ಯೋಗಗಳು. ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ, ಒಟ್ಟು ಐದು ಭಾಷೆ.

ನಾವು: ಒಳ್ಳೆಯ ಕೆಲಸ, ಫಲವನ್ನೂ ಕೊಟ್ಟಿದೆ. ಆದರೆ ಚಿತ್ರ ನೋಡಿ: ಮ್ಯೂನಿಕ್ಕಿನ ಪರೀಕ್ಷಕ ಕಷಾಯದ ವಿಧಾನವನ್ನು ಜರ್ಮನ್‌ನಲ್ಲಿ ಓದಬಲ್ಲ, ಅದೇ ಕಷಾಯ ಕುದಿಸುವ ಶಿರಸಿ ಕಡೆಯ ನಾಟಿವೈದ್ಯನಿಗೆ ಅದು ಕನ್ನಡದಲ್ಲಿಲ್ಲ. ಇದ್ದರೂ ಒಳಗೆ ಬಿಡುವವರಿರಲಿಲ್ಲ, ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ ಪೇಟೆಂಟ್ ಕಚೇರಿಗಳಿಗಷ್ಟೇ ಪ್ರವೇಶ. 2022ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಹಂತಹಂತವಾಗಿ ಉಳಿದವರಿಗೂ ತೆರೆಯಲು ಒಪ್ಪಿತು, ಚಂದಾ ಕಟ್ಟಿದರೆ. ಬೀಗಕ್ಕೆ ಒಂದು ನ್ಯಾಯವಾದ ಕಾರಣವೂ ಇದೆ. ಪೂರ್ತಿ ತೆರೆದಿಟ್ಟರೆ ದೊಡ್ಡ ಕಂಪನಿಗಳು ಅಲ್ಲೇ ಸುಳಿವು ಹಿಡಿದು, ಯೋಗವನ್ನು ಒಂಚೂರು ಆಚೀಚೆ ಮಾಡಿ ಹೊಸ ಅರ್ಜಿ ಹಾಕಿಯಾವು, ಜ್ಞಾನ ಕೊಟ್ಟ ಜನರಿಗೆ ಬಿಡಿಗಾಸೂ ಸಿಗಲಾರದು ಎಂಬ ಆತಂಕ. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಯೋಗಗಳನ್ನು ಆರಿಸಿಕೊಂಡದ್ದು ಅಚ್ಚಾದ ಹಳೆಯ ಗ್ರಂಥಗಳಿಂದ. ಸಂಸ್ಕೃತ ಪಂಡಿತನೊಬ್ಬನನ್ನು ಸಂಬಳಕ್ಕಿಟ್ಟುಕೊಳ್ಳುವುದು ದೊಡ್ಡ ಕಂಪನಿಗೆ ಚಹಾದ ಖರ್ಚು. ಅಂಥ ಬೀಗ ಕಳ್ಳನಿಗಿಂತ ಹೆಚ್ಚಾಗಿ ಮನೆಯವನನ್ನೇ ಹೊರಗೆ ನಿಲ್ಲಿಸುತ್ತದೆ.

ಪೆಟ್ಟಿಗೆ: ನನ್ನ ತಂಗಿಯನ್ನು ನೋಡಿ ಹಾಗಾದರೆ, ಟ್ರೇಡ್‌ಮಾರ್ಕಿನವಳು. ಹೆಸರು ಕೊಡಿ, 45 ವರ್ಗಗಳಲ್ಲಿ ಒಂದನ್ನು ಆರಿಸಿ, ಸಾಕು. ಉಚ್ಚಾರಣೆ ಹೋಲುವುದನ್ನೂ ಹುಡುಕಿ ತರುತ್ತಾಳೆ. ಫೊನೆಟಿಕ್!

ನಾವು: ಯಾರ ಉಚ್ಚಾರಣೆ? 2017ರ ನಿಯಮಗಳ ಪ್ರಕಾರ ಕನ್ನಡ ಲಿಪಿಯ ಹೆಸರನ್ನು ಇಂಗ್ಲಿಷಿಗೋ ಹಿಂದಿಗೋ ಲಿಪ್ಯಂತರಿಸಿ, ಅರ್ಥವನ್ನೂ ಬರೆದುಕೊಡಬೇಕು. ಇಂಗ್ಲಿಷಿಗೆ ಹೋದರೆ ಬಟ್ಟೆಯ ಮೇಲಿನ ಕಲೆ, ಗುಡಿಗಾರನ ಕಲೆ, ಹೊಲದ ಕಳೆ, ಮುಖದ ಕಳೆ, ಎಲ್ಲಕ್ಕೂ ಅವೇ ನಾಲ್ಕಕ್ಷರ: ಕೆ, ಎ, ಎಲ್, ಇ. ಇಂಗ್ಲಿಷಿನವನು ಅದನ್ನೋದಿ ಕೋಸಿನ ಜಾತಿಯ ಸೊಪ್ಪು ಎಂದುಕೊಳ್ಳುತ್ತಾನೆ. ನಮ್ಮಲ್ಲೇ ಒಂದಕ್ಷರದ ಜಗಳ ಎಷ್ಟು ದೂರ ಹೋಯಿತು ನೆನಪಿದೆಯಲ್ಲ. ಕೆಎಂಎಫ್‌ನ ಹಾಲು 1985ರಿಂದ ನಂದಿನಿ. ಬೆಂಗಳೂರಿನ ಹೋಟೆಲೊಂದು 1989ರಿಂದ ನಂದಿನಿ ಡಿಲಕ್ಸ್. ಇಂಗ್ಲಿಷಿನಲ್ಲಿ ಹೋಟೆಲಿನದಕ್ಕೆ ‘ಎಚ್’ ಒಂದು ಹೆಚ್ಚು, ನಾಲಿಗೆಗೆ ಆ ಎಚ್ ಗೊತ್ತೇ ಆಗುವುದಿಲ್ಲ. 2007ರಲ್ಲಿ ರಿಜಿಸ್ಟ್ರಿ ಹೋಟೆಲಿನ ಪರ. 2011ರಲ್ಲಿ ಮೇಲ್ಮನವಿ ಮಂಡಳಿ ಹಾಲಿನ ಪರ, 2014ರಲ್ಲಿ ಹೈಕೋರ್ಟೂ ಹಾಲಿನ ಪರ. 2018ರಲ್ಲಿ ಸುಪ್ರೀಂ ಕೋರ್ಟು, ನಂದಿನಿ ದೇವತೆಯ ಹೆಸರು, ಗೋವಿನ ಹೆಸರು, ಎರಡರ ಚಿಹ್ನೆಯೂ ಸರಕೂ ಬೇರೆ ಎಂದು ಹೋಟೆಲಿನ ಪರ. ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಮಾತ್ರ ಹೊರಗಿಟ್ಟು.

ಪೆಟ್ಟಿಗೆ: ನೋಡಿದಿರಾ, ನಾಲ್ಕು ಕಡೆ ನಾಲ್ಕು ಸಲ ತೂಗಿದ್ದನ್ನು ನನ್ನಂಥ ಪೆಟ್ಟಿಗೆ ಹೇಗೆ ತೀರ್ಮಾನಿಸೀತು? ಹುಡುಕಿದರೂ ಉಪಯೋಗವಿಲ್ಲ ಎಂದಾಯಿತಲ್ಲ.

ನಾವು: ತೀರ್ಮಾನಿಸಿ ಎಂದು ಯಾರೂ ಕೇಳುತ್ತಿಲ್ಲ. ಎದುರಿಗೆ ಯಾರು ಬರುತ್ತಿದ್ದಾರೆಂದು ತೋರಿಸಿದರೆ ಸಾಕು, ಪಕ್ಕಕ್ಕೆ ಸರಿಯುವುದೋ ಬೇಡವೋ ನಡೆಯುವವನು ನೋಡಿಕೊಳ್ಳುತ್ತಾನೆ. ಬೋರ್ಡು ಬರೆಸಿ, ಡಬ್ಬಿ ಅಚ್ಚು ಹಾಕಿಸಿ, ಮೂರು ವರ್ಷ ವ್ಯಾಪಾರ ಮಾಡಿದ ಮೇಲೆ ತಿಳಿಯುವುದಕ್ಕೂ ಬೋರ್ಡು ಬರೆಸುವ ಮುಂಚೆ ತಿಳಿಯುವುದಕ್ಕೂ ಒಂದು ಅಂಗಡಿಯಷ್ಟು ವ್ಯತ್ಯಾಸ. ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಹೆಸರಿಗೆ ಆಕ್ಷೇಪ ಎತ್ತಲು ಇರುವುದು ನಾಲ್ಕೇ ತಿಂಗಳು. ಗೊತ್ತಾಗದೆ ಹೋದ ತಿಂಗಳುಗಳೂ ಆ ನಾಲ್ಕರ ಲೆಕ್ಕಕ್ಕೇ ಸೇರುತ್ತವೆ.

ಪೆಟ್ಟಿಗೆ: ವ್ಯಾಪಾರಿಗಳ ಮಾತು ಬಿಡಿ. ಜನಸಾಮಾನ್ಯರಿಗೆ ಇದೆಲ್ಲ ಯಾಕೆ? ಮಾತ್ರೆ ನುಂಗುವವರು ಮಾತ್ರೆ ನುಂಗಿಕೊಂಡಿರಲಿ.

ನಾವು: ಮಾತ್ರೆ ನುಂಗಿದವರೇ ನಿಮ್ಮ ಬಾಗಿಲಿಗೆ ಬಂದಿದ್ದಾರೆ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಬೆಡಾಕ್ವಿಲಿನ್ ಎಂಬ ಮದ್ದಿದೆ. ಮೂಲ ಪೇಟೆಂಟ್ 2023ರ ಜುಲೈಗೆ ಮುಗಿಯುವುದರಲ್ಲಿತ್ತು. ಜಾನ್ಸನ್ ಅಂಡ್ ಜಾನ್ಸನ್ ಅದರ ಒಂದು ಲವಣರೂಪಕ್ಕೆ ಬೇರೆ ಅರ್ಜಿ ಹಾಕಿ ನಾಲ್ಕು ವರ್ಷ ಮುಂದಕ್ಕೆಳೆಯಲು ನೋಡಿತು. 2019ರಲ್ಲಿ ತಕರಾರು ಸಲ್ಲಿಸಿದವರು ಕ್ಷಯದಿಂದ ಗುಣವಾದ ಇಬ್ಬರು ಯುವತಿಯರು, ಒಬ್ಬರು ಭಾರತದವರು, ಇನ್ನೊಬ್ಬರು ದಕ್ಷಿಣ ಆಫ್ರಿಕಾದವರು. ಇಬ್ಬರೂ ಹಳೆಯ ಔಷಧಗಳ ಅಡ್ಡಪರಿಣಾಮಕ್ಕೆ ಕಿವಿ ಕಳೆದುಕೊಂಡವರು. 2023ರ ಮಾರ್ಚಿನಲ್ಲಿ ಕಚೇರಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಿತು. ಅವರ ಬೆನ್ನಿಗೆ ಬಲ್ಲವರಿದ್ದರು, ನಿಜ. ಎಲ್ಲರ ಬೆನ್ನಿಗೂ ಇರುವುದಿಲ್ಲ. ಆದರೆ ಮಂಜೂರಾತಿಗೆ ಮುಂಚೆ ‘ಯಾವುದೇ ವ್ಯಕ್ತಿ’ ವಿರೋಧಿಸಬಹುದು ಎಂದು ಪೇಟೆಂಟ್ ಕಾಯ್ದೆಯ 25(1)ನೇ ಕಲಮು ಹೇಳುತ್ತದೆ. ‘ಇಂಗ್ಲಿಷ್ ಬಲ್ಲ, ವರ್ಗಸಂಖ್ಯೆ ಬಲ್ಲ, ಏಜೆಂಟರಿಗೆ ಫೀಸು ಕೊಡಬಲ್ಲ ಯಾವುದೇ ವ್ಯಕ್ತಿ’ ಎಂದು ಕಾಯ್ದೆಯಲ್ಲಿಲ್ಲ. ಅದನ್ನು ಸೇರಿಸಿದ್ದು ನೀವು.

ಪೆಟ್ಟಿಗೆ: ಹಾಗಾದರೆ ಅಷ್ಟನ್ನೂ ಕನ್ನಡಕ್ಕೆ ತರಬೇಕೋ? ಒಂದು ಪದ ತಪ್ಪಿದರೆ ಒಂದು ಹಕ್ಕು ತಪ್ಪುತ್ತದೆ ಸ್ವಾಮಿ. ಈ ಓಲಾಡುವ ಅಕ್ಷರಗಳನ್ನೂ ತೆಗೆಯಿರಿ ಎನ್ನುತ್ತೀರೇನೋ, ಯಂತ್ರಗಳು ದಂಡುಕಟ್ಟಿ ಬಂದು ನನ್ನನ್ನೇ ಖಾಲಿ ಮಾಡುತ್ತವೆ.

ನಾವು: ಹಕ್ಕಿನ ವಾಕ್ಯಗಳು ಮೂಲ ಭಾಷೆಯಲ್ಲೇ ಇರಲಿ, ನ್ಯಾಯಾಲಯ ಅದನ್ನೇ ಓದಲಿ. ಬೇಕಾಗಿರುವುದು ತಲೆಬರಹ, ಸಾರಾಂಶ, ಮತ್ತು ಇಡ್ಲಿಯಿಂದ ಎ47ಜೆಗೆ ಕರೆದೊಯ್ಯುವ ಒಂದು ಪದಪಟ್ಟಿ. ಯುರೋಪಿನ ಕಚೇರಿ ಮೂವತ್ತಕ್ಕೂ ಹೆಚ್ಚು ಭಾಷೆಗಳ ನಡುವೆ ಯಂತ್ರಾನುವಾದ ಕೊಡುತ್ತದೆ, ಇದು ತಿಳಿಯಲಿಕ್ಕೆ ಮಾತ್ರ, ಕಾನೂನಿಗಲ್ಲ ಎಂದು ಹೇಳಿಯೇ ಕೊಡುತ್ತದೆ. ಇನ್ನು ಯಂತ್ರಗಳ ದಂಡು. ಬೇಕಾದವರು ಒಯ್ಯಲಿ ಎಂದು ಅಮೆರಿಕದ ಕಚೇರಿ ತನ್ನ ದತ್ತಾಂಶವನ್ನೇ ಗಂಟುಕಟ್ಟಿ ಪುಕ್ಕಟೆ ಹೊರಗಿಟ್ಟಿದೆ. ಮೂಟೆಗಟ್ಟಲೆ ಬೇಕಾದವನಿಗೆ ಮೂಟೆಯನ್ನೇ ಕೊಟ್ಟರೆ ಅವನು ಕಿಟಕಿಯಲ್ಲಿ ನಿಂತು ಕಾಳು ಕಾಳು ಆರಿಸುವುದಿಲ್ಲ, ಸಾಲೂ ಖಾಲಿಯಾಗುತ್ತದೆ. ಇಷ್ಟು ಹೊತ್ತು ಮಾತಾಡಿದಿರಿ, ಸಂತೋಷ. ಸಂದರ್ಶನ ಮುಂದಿನ ಸಂಚಿಕೆಯಲ್ಲಿ ಬರುತ್ತದೆ.

ಪೆಟ್ಟಿಗೆ: ಯಾವ ಸಂದರ್ಶನ? ಅಚ್ಚಾದ ಕಾಗದಪತ್ರಗಳದ್ದು 16ನೇ ವರ್ಗ, ಅಲ್ಲಿ ನೋಡಿದೆ. ಕನ್ನಡದಲ್ಲಿ ನೋಡಬೇಕಿತ್ತೇ? ದಾಖಲೆ ಸಿಗಲಿಲ್ಲ.